ವಿರಳಲೇಪನ: ತೈಲಚಿತ್ರದಲ್ಲಿ ವರ್ಣಶಮನದ ಕ್ರಮ

ಒಣಗಿದ ಬಣ್ಣದ ಮೇಲೆ ಅದಕ್ಕಿಂತ ತಿಳಿಯಾದ ಮತ್ತೊಂದು ಬಣ್ಣವನ್ನು, ಕೆಳಗಿನದು ಪೂರ್ಣವಾಗಿ ಮರೆಯಾಗದಂತೆ, ಅಲ್ಲಲ್ಲಿ ಹರಿದು ಹರಿದು ನಿಲ್ಲುವಷ್ಟು ತೆಳುವಾಗಿ ಉಜ್ಜಿ ಹಚ್ಚುವ ಕ್ರಮವನ್ನು ಇಲ್ಲಿ ವಿರಳಲೇಪನವೆಂದು ಕರೆಯಲಾಗಿದೆ. ಇಂಗ್ಲಿಷ್ ಚಿತ್ರಕಾರರು ಇದನ್ನು ಸ್ಕಂಬಲ್ ಎನ್ನುತ್ತಾರೆ. ಫ್ರೆಂಚರ ಫ್ರೊತ್ತಿ ಎಂಬ ಪದವು ಉಜ್ಜುವುದೆಂಬ ಅರ್ಥದ ಧಾತುವಿನಿಂದಲೂ ಇಟಲಿಯವರ ವೆಲಾತೂರಾ ಎಂಬುದು ಮುಸುಕು ಹಾಕುವುದೆಂಬ ಅರ್ಥದ ಧಾತುವಿನಿಂದಲೂ ಹುಟ್ಟಿದವು. ಒಂದು ಕೈಯ ಕೆಲಸವನ್ನೂ ಇನ್ನೊಂದು ಕಣ್ಣಿಗೆ ತೋರುವ ಫಲವನ್ನೂ ಹೇಳುವುದರಿಂದ, ಎರಡನ್ನೂ ಕೂಡಿಸಿಕೊಂಡರೆ ಈ ಕ್ರಮದ ಲಕ್ಷಣ ಬಹುಮಟ್ಟಿಗೆ ದೊರೆತಂತಾಗುತ್ತದೆ.

ತೈಲವರ್ಣವನ್ನು ಪದರಪದರವಾಗಿ ಹಚ್ಚುವ ಪದ್ಧತಿಯಲ್ಲಿ ಇದರ ಒಡಹುಟ್ಟಿನಂತಿರುವ ಇನ್ನೊಂದು ವಿಧಾನ ಗ್ಲೇಜ್, ಅಂದರೆ ಪಾರದರ್ಶಕ ಲೇಪ. ಅದರಲ್ಲಿ ಎಣ್ಣೆ ಹೆಚ್ಚು, ವರ್ಣಚೂರ್ಣ ಕಡಿಮೆ. ಬಣ್ಣದ ಗಾಜನ್ನು ತೂರಿದಂತೆ ಬೆಳಕು ಅದನ್ನು ತೂರಿ, ಕೆಳಗಿನ ಬಿಳಿಯ ನೆಲವನ್ನು ಮುಟ್ಟಿ ಮರಳುವುದರಿಂದ ವರ್ಣವು ಗಾಢವಾಗಿ, ಬೆಚ್ಚಗಾಗಿ, ಒಳಗಿನಿಂದ ಹೊತ್ತಿಕೊಂಡಂತೆ ಕಾಣುತ್ತದೆ. ವಿರಳಲೇಪನದಲ್ಲಿ ಎಲ್ಲವೂ ಇದಕ್ಕೆ ವಿಪರೀತ: ಬಿಳಿ ಬೆರೆತ ಅರೆಪಾರದರ್ಶಕವಾದ ಬಣ್ಣ, ಅತ್ಯಲ್ಪವಾದ ಎಣ್ಣೆ, ಕೆಳಗೆ ಗಾಢವಾದ ನೆಲ. ಅದರ ಫಲವಾಗಿ ವರ್ಣವು ತಣ್ಣಗಾಗುತ್ತದೆ, ಮೃದುವಾಗುತ್ತದೆ, ನೋಡುವವನ ಕಣ್ಣಿನಿಂದ ಒಂದಿಷ್ಟು ಹಿಂದಕ್ಕೆ ಸರಿದು ನಿಲ್ಲುತ್ತದೆ. ಹಳೆಯ ಆಚಾರ್ಯರು ಇವೆರಡನ್ನೂ ಒಂದೇ ಪಟದಲ್ಲಿ, ಎಷ್ಟೋ ಸಲ ಒಂದೇ ಅಂಗುಲದ ಜಾಗದಲ್ಲಿ, ಒಂದರ ಮೇಲೊಂದಾಗಿ ಬಳಸಿದ್ದಾರೆ.

ಕೆಂಪು ಅತಿ ತೀಕ್ಷ್ಣವಾಯಿತೆಂದು ಕಂಡಾಗ ಪ್ಯಾಲೆಟ್ಟಿನ ಮೇಲೆಯೇ ಅದಕ್ಕೆ ಬೂದುಬಣ್ಣವನ್ನೋ ಹಸಿರನ್ನೋ ಕಲಸಿ ತಗ್ಗಿಸುವುದು ಯಾರಿಗಾದರೂ ಮೊದಲು ಹೊಳೆಯುವ ಉಪಾಯ. ಹಾಗೆ ಮಾಡಿದರೆ ತೀಕ್ಷ್ಣತೆಯೇನೋ ಇಳಿಯುತ್ತದೆ. ಆದರೆ ಕಣಕಣದಲ್ಲಿ ಬೆರೆತ ಎರಡು ಚೂರ್ಣಗಳು ಒಂದು ಹೊರಸೂಸಬೇಕಾದ ಬೆಳಕನ್ನು ಇನ್ನೊಂದು ಹೀರಿಕೊಂಡು, ಕೊನೆಗೆ ಉಳಿಯುವುದು ಕೆಸರಿನಂಥ ಒಂದು ಮಂಕುತನ. ವಿರಳಲೇಪನವು ಕೆಂಪನ್ನು ಇದ್ದ ಹಾಗೆಯೇ ಇರಗೊಟ್ಟು ಅದರ ಮೇಲೆ ಬೂದಿನ ಜಾಳಂದರವನ್ನು ಹರಡುವುದರಿಂದ, ಕೆಂಪು ತನ್ನ ಪೂರ್ಣ ತೇಜಸ್ಸಿನಲ್ಲಿಯೇ ಆ ಜಾಲದ ಸಂದುಗಳಿಂದ ಇಣುಕುತ್ತಿರುತ್ತದೆ. ದೂರದಲ್ಲಿ ನಿಂತವನ ಕಣ್ಣು ಎರಡನ್ನೂ ಕೂಡಿಸಿ ಮೃದುವಾದ ಒಂದು ವರ್ಣವನ್ನು ಕಲ್ಪಿಸಿಕೊಳ್ಳುತ್ತದೆ. ಕಲಸಿದ ಮಾರ್ದವಕ್ಕೂ ಮುಸುಕಿದ ಮಾರ್ದವಕ್ಕೂ ಇರುವ ಈ ಭೇದವೇ ಈ ವಿಷಯದ ತಿರುಳು. ಮೊದಲನೆಯದರಲ್ಲಿ ಬಣ್ಣ ಸಾಯುತ್ತದೆ, ಎರಡನೆಯದರಲ್ಲಿ ಉಸಿರು ತಗ್ಗಿಸಿ ಮಾತಾಡುತ್ತದೆ.

ಇದರ ಭೌತಿಕ ಕಾರಣ ಎರಡು ಬಗೆಯದು. ಮುಂಜಾನೆ ಅಡಿಗೆಮನೆಯ ಹೆಂಚಿನ ಸಂದುಗಳಿಂದ ಏಳುವ ಸೌದೆಯ ಹೊಗೆಯನ್ನು ನೋಡಿದವರಿಗೆ ಮೊದಲನೆಯ ಕಾರಣದ ಪ್ರತ್ಯಕ್ಷ ಪರಿಚಯವಿರುತ್ತದೆ: ಹಿಂದೆ ಕಪ್ಪಗೆ ಕವಿದ ಅಡಕೆಯ ತೋಟವಿರುವವರೆಗೆ ಆ ಹೊಗೆ ನೀಲಿಯಾಗಿ ಕಾಣುತ್ತದೆ, ಅದೇ ಹೊಗೆ ಮೇಲೇರಿ ಬೆಳ್ಳನೆಯ ಆಕಾಶಕ್ಕೆ ಅಡ್ಡವಾದೊಡನೆ ಕಂದುಬಣ್ಣಕ್ಕೆ ತಿರುಗುತ್ತದೆ. ಲಿಯೊನಾರ್ಡೊ ಡ ವಿಂಚಿ ಇದನ್ನು ಗಮನಿಸಿ ಬರೆದಿಟ್ಟಿದ್ದನು. ಜರ್ಮನ್ ಕವಿ ಗಯಟೆ 1810ರಲ್ಲಿ ಪ್ರಕಟಿಸಿದ ತನ್ನ ವರ್ಣಸಿದ್ಧಾಂತದಲ್ಲಿ ಮಬ್ಬಾದ ಮಾಧ್ಯಮದ ಮೂಲಕ ಕತ್ತಲೆಯನ್ನು ನೋಡಿದಾಗ ನೀಲಿಯೂ ಬೆಳಕನ್ನು ನೋಡಿದಾಗ ಹಳದಿಯೂ ತೋರುವುದನ್ನು ಒಂದು ಮೂಲತತ್ತ್ವವಾಗಿಯೇ ಹಿಡಿದನು. ಬೆಳಕಿನ ಕಿರಿಯ ಅಲೆಗಳಾದ ನೀಲಿಯು ಸೂಕ್ಷ್ಮಕಣಗಳಿಗೆ ಸಿಕ್ಕಿ ಹೆಚ್ಚಾಗಿ ಚದರುತ್ತದೆಂಬುದನ್ನು 1869ರಲ್ಲಿ ಟಿಂಡಲನು ಪ್ರಯೋಗದಿಂದಲೂ 1871ರಲ್ಲಿ ರ್‍ಯಾಲೆಯು ಗಣಿತದಿಂದಲೂ ತೋರಿಸಿಕೊಟ್ಟ ಮೇಲೆ ಇದರ ರಹಸ್ಯ ಬಯಲಾಯಿತು. ಕಂದುನೆಲದ ಮೇಲೆ ಬಿಳಿಯನ್ನು ತೆಳುವಾಗಿ ತೀಡಿದಾಗ ನೀಲಿಯ ಒಂದು ಹನಿಯನ್ನೂ ಬೆರೆಸದಿದ್ದರೂ ಅಲ್ಲಿ ಮುತ್ತಿನ ಹೊಳಪಿನ ತಣ್ಣನೆಯ ಬೂದುಬಣ್ಣ ಹುಟ್ಟುವುದು ಇದೇ ಕಾರಣದಿಂದ. ಮನುಷ್ಯನ ಕೆನ್ನೆಯ ಬೆಳಕು ನೆರಳಿಗೆ ತಿರುಗುವ ಎಡೆಯಲ್ಲಿ, ಮಣಿಕಟ್ಟಿನ ಒಳಬದಿಯಲ್ಲಿ, ರಕ್ತನಾಳಗಳ ಮೇಲಣ ಚರ್ಮದಲ್ಲಿ ಕಾಣುವ ತಣ್ಣನೆಯ ಛಾಯೆಯೂ ಗಾಢವಾದುದರ ಮೇಲೆ ಹಬ್ಬಿದ ಮಬ್ಬಾದ ಪದರದಿಂದಲೇ ಉಂಟಾಗುವುದರಿಂದ, ಚಿತ್ರಕಾರನು ಇಲ್ಲಿ ಪ್ರಕೃತಿಯ ರೂಪದ ಜೊತೆಗೆ ಅದರ ವಿಧಾನವನ್ನೂ ಅನುಸರಿಸಿದಂತಾಗುತ್ತದೆ.

ಎರಡನೆಯ ಕಾರಣ ಲೇಪದ ಹರಕುತನ. ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು ಒಂದು ಮಿತಿಗಿಂತ ಕಿರಿದಾದಾಗ ಕಣ್ಣು ಅವನ್ನು ಬಿಡಿಬಿಡಿಯಾಗಿ ಕಾಣಲಾರದೆ ಕೂಡಿಸಿಬಿಡುತ್ತದೆ. ಆದರೂ ಆ ಕೂಟದಲ್ಲಿ ಒಂದು ಸೂಕ್ಷ್ಮವಾದ ಕಂಪನ ಉಳಿದಿರುತ್ತದೆ. ಅಕ್ಕಪಕ್ಕದ ವರ್ಣಗಳು ಒಂದನ್ನೊಂದು ಮಾರ್ಪಡಿಸುವ ಬಗೆಯನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲನು 1839ರಲ್ಲಿ ವಿಸ್ತಾರವಾಗಿ ನಿರೂಪಿಸಿದನು. ಚಿತ್ರಕಾರರ ಕೈಗಳಿಗೆ ಅದು ಶತಮಾನಗಳ ಮುಂಚಿನಿಂದಲೇ ಗೊತ್ತಿತ್ತು.

ಯಾವ ಬಿಳಿಯನ್ನು ಬಳಸುವುದು ಎಂಬುದು ಸಣ್ಣ ಸಂಗತಿಯಲ್ಲ. ಅಗಸೆ ಎಣ್ಣೆಯ ವಕ್ರೀಭವನಾಂಕ ಸುಮಾರು 1.48, ಅದಕ್ಕೂ ಚೂರ್ಣದ ವಕ್ರೀಭವನಾಂಕಕ್ಕೂ ಅಂತರ ಹೆಚ್ಚಿದಷ್ಟೂ ಬಣ್ಣದ ಮುಚ್ಚುವ ಶಕ್ತಿ ಹೆಚ್ಚುತ್ತದೆ. ಸೀಮೆಸುಣ್ಣದ್ದು ಸುಮಾರು 1.6 ಮಾತ್ರವಾದುದರಿಂದ ಅದು ಎಣ್ಣೆಯಲ್ಲಿ ಕರಗಿದಂತೆ ಕಾಣೆಯಾಗುತ್ತದೆ. ಸೀಸದ ಬಿಳಿಯೂ ಸತುವಿನ ಬಿಳಿಯೂ ಸುಮಾರು 2ರ ಆಸುಪಾಸಿನಲ್ಲಿದ್ದು, ಮುಚ್ಚಿಯೂ ಮುಚ್ಚದಂತಿರುವ ಗುಣವನ್ನು ಪಡೆದಿವೆ. 20ನೆಯ ಶತಮಾನದಲ್ಲಿ ಬಳಕೆಗೆ ಬಂದ ಟೈಟೇನಿಯಂ ಬಿಳಿಯ ಅಂಕ ರೂಟೈಲ್ ರೂಪದಲ್ಲಿ 2.7ರಷ್ಟು, ಗೋಡೆಗೆ ಬಳಿಯುವವರಿಗೆ ಅದು ವರವಾದರೂ, ತೆಳುವಾದ ಮುಸುಕನ್ನು ಬಯಸುವ ಚಿತ್ರಕಾರನಿಗೆ ಅದರ ಬಲವೇ ತೊಡಕಾಗುತ್ತದೆ. ಸೀಸದ ಬಿಳಿ ವಿಷವಸ್ತುವೆಂಬುದನ್ನು ಮರೆಯುವಂತಿಲ್ಲ. ಆದರೂ ಹಳೆಯ ತೈಲಚಿತ್ರಗಳ ಮಾರ್ದವದಲ್ಲಿ ಅದರ ಪಾಲು ಬಹಳ ದೊಡ್ಡದು.

ಕೆಲಸದ ಕ್ರಮವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಕ್ಯಾನ್ವಾಸಿನ ಮೇಲೆ ಕಡುಗೆಂಪು ಬಟ್ಟೆಯೊಂದರ ಮಡಿಕೆಗಳನ್ನು ಬರೆದು ಮುಗಿಸಿದೆಯೆಂದೂ ಆ ಕೆಂಪು ಚಿತ್ರದ ಮಿಕ್ಕ ಭಾಗಗಳನ್ನೆಲ್ಲ ನುಂಗುವಂತೆ ಮುಂದೆ ನುಗ್ಗಿ ಬರುತ್ತಿದೆಯೆಂದೂ ಭಾವಿಸೋಣ. ಮೊದಲು ಬೇಕಾದುದು ಕಾಯುವಿಕೆ. ಬಣ್ಣ ಬೆರಳಿಗೆ ಅಂಟದಷ್ಟು ಒಣಗಬೇಕು; ಸೀಸದ ಬಿಳಿ ಮತ್ತು ಅಂಬರ್ ಮಣ್ಣು ಬೇಗ ಒಣಗುವುವು, ದಂತದ ಕಪ್ಪು ಮತ್ತು ಅರಗಿನ ಕೆಂಪಿನಂಥವು ವಾರಗಟ್ಟಲೆ ಹಸಿಯಾಗಿಯೇ ಇರುವುದುಂಟು. ಮೇಲ್ಮೈ ಎಣ್ಣೆಯ ಹೊಳಪಿನಿಂದ ಜಾರುವಂತಿದ್ದರೆ ಹೊಸ ಬಣ್ಣ ಅದನ್ನು ಹಿಡಿಯದು. ಅಂಥಲ್ಲಿ ಹೆಚ್ಚಿದ ಈರುಳ್ಳಿಯಿಂದಲೋ ಹಸಿ ಆಲೂಗೆಡ್ಡೆಯಿಂದಲೋ ಮೆಲ್ಲಗೆ ಒರೆಸಿ ಹಿಡಿತ ಬರಿಸುವುದು ಚಿತ್ರಶಾಲೆಗಳ ಹಳೆಯ ಉಪಾಯ. ಆಮೇಲೆ ತುಸು ಓಕರ್ ಹಳದಿ ಸೇರಿದ ತಿಳಿಬೂದು ಬಣ್ಣವನ್ನು ಎಣ್ಣೆ ಬಿಟ್ಟುಕೊಳ್ಳುವಷ್ಟು ಗಟ್ಟಿಯಾಗಿ ಕಲಸಿ, ತುದಿ ಸವೆದ ಹಂದಿಕೂದಲ ಕುಂಚವನ್ನು ಅದರಲ್ಲಿ ಸೋಕಿಸಿ, ಸೋಕಿಸಿದುದರಲ್ಲಿ ಮುಕ್ಕಾಲು ಪಾಲನ್ನು ಚಿಂದಿಗೆ ಒರೆಸಿಬಿಡಬೇಕು. ಹೊಸ ಕುಂಚಕ್ಕಿಂತ ಹಳೆಯ, ಒರಟಾದ ಕುಂಚವೇ ಇಲ್ಲಿ ಮೇಲು. ಅದನ್ನು ನೆಟ್ಟಗೆ ಹಿಡಿಯದೆ ಕ್ಯಾನ್ವಾಸಿಗೆ ಮಲಗಿಸಿದಂತೆ ಹಿಡಿದು, ಒತ್ತದೆ, ಸುತ್ತುಸುತ್ತಾಗಿ ತೀಡುತ್ತ ಹೋದರೆ, ನೇಯ್ಗೆಯ ಉಬ್ಬಿದ ಎಳೆಗಳ ನೆತ್ತಿಗಳಷ್ಟೇ ಬೂದನ್ನು ಹಿಡಿದುಕೊಳ್ಳುತ್ತವೆ. ತಗ್ಗುಗಳಲ್ಲಿ ಕೆಂಪು ಹಾಗೆಯೇ ಉಳಿಯುತ್ತದೆ. ಹತ್ತಿರದಿಂದ ಅದು ಧೂಳು ಕೂತ ಬಟ್ಟೆಯಂತೆ ತೋರುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಾಗ ಆ ಧೂಳೇ ಕಿಟಕಿಯಿಂದ ಬಂದು ಮಡಿಕೆಗಳ ಮೇಲೆ ಒರಗಿದ ಬೆಳಕಾಗಿ ಮಾರ್ಪಡುತ್ತದೆ.

ಈ ಕ್ರಮದ ಒಂದು ದೊಡ್ಡ ಅನುಕೂಲವೆಂದರೆ, ಕೆಳಗಿನ ಪದರ ಒಣಗಿಯೇ ಇರುವುದರಿಂದ, ಮಾಡಿದ್ದು ಸರಿಹೋಗದಿದ್ದರೆ ಚಿಂದಿಯಿಂದ ಒರೆಸಿ ಮತ್ತೆ ತೊಡಗಬಹುದು. ಅಪಾಯಗಳೂ ಇಲ್ಲದಿಲ್ಲ. ಕುಂಚದಲ್ಲಿ ಬಣ್ಣ ಹೆಚ್ಚಾದರೆ ನೇಯ್ಗೆಯ ತಗ್ಗುಗಳು ತುಂಬಿಹೋಗಿ ಜಾಳಂದರ ಗೋಡೆಯಾಗುತ್ತದೆ. ಬಿಳಿಯೊಂದನ್ನೇ ನೆಚ್ಚಿದರೆ ಎಲ್ಲವೂ ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತದೆ. ತೆಳುವಾದ ಬಿಳಿ ತಾನಾಗಿಯೇ ತಣ್ಣಗಾಗುವುದರಿಂದ ಅದಕ್ಕೆ ಮೊದಲೇ ಸ್ವಲ್ಪ ಬಿಸಿವರ್ಣವನ್ನು ಸೇರಿಸಿಕೊಳ್ಳುವುದು ವಿವೇಕ. ಚಿತ್ರದ ಉದ್ದಗಲಕ್ಕೂ ಇದನ್ನೇ ಹರಡುವ ಉತ್ಸಾಹವನ್ನು ಎಲ್ಲಕ್ಕಿಂತ ಹೆಚ್ಚಾಗಿ ತಡೆಯಬೇಕು: ಎಲ್ಲಿಯಾದರೂ ಒಂದು ಗಟ್ಟಿಯಾದ ಅಂಚು, ಒಂದು ಮುಸುಕಿಲ್ಲದ ವರ್ಣ ಇದ್ದಾಗಲೇ ಮುಸುಕಿನ ಮೃದುತ್ವ ಮೃದುತ್ವವೆಂದು ತೋರುವುದು.

ಲಿಯೊನಾರ್ಡೊನ ಸ್ಫುಮಾಟೊವನ್ನು ಕೆಲವರು ಇದರ ಜೊತೆಗೆ ಒಂದುಗೂಡಿಸುವುದುಂಟು. ಹೊಗೆಯೆಂಬ ಪದದಿಂದ ಹುಟ್ಟಿದ ಆ ಹೆಸರು ಅಂಚುಗಳು ಒಂದರೊಳಗೊಂದು ಕರಗುವುದನ್ನು ಸೂಚಿಸುತ್ತದೆ. ಕುಂಚದ ಗುರುತೇ ಕಾಣದಂತೆ ಅತ್ಯಂತ ತೆಳುವಾದ ಲೇಪಗಳಿಂದ ಅದನ್ನು ಸಾಧಿಸಲಾಗಿದೆ. ವಿರಳಲೇಪನದ ಮೃದುತ್ವವಾದರೋ ಒರಟುತನದಿಂದಲೇ ಹುಟ್ಟುವಂಥದು, ಕುಂಚದ ನಡೆಯನ್ನು ಬಚ್ಚಿಡದೆ ತೋರುವಂಥದು. ಆದುದರಿಂದ ಇದರ ನಿಜವಾದ ತವರನ್ನು ಫ್ಲಾರೆನ್ಸಿನಲ್ಲಿ ಅರಸದೆ ವೆನಿಸಿನಲ್ಲಿ ಅರಸುವುದು ಯುಕ್ತ. ಕಡಲ ತೇವದಲ್ಲಿ ಭಿತ್ತಿಚಿತ್ರಗಳು ಬಹುಕಾಲ ಬಾಳದ ಆ ಊರಿನಲ್ಲಿ, ಹಡಗಿನ ಹಾಯಿಗಾಗಿ ನೇಯುತ್ತಿದ್ದ ಗಟ್ಟಿ ಬಟ್ಟೆ ಯಥೇಷ್ಟವಾಗಿ ದೊರೆಯುತ್ತಿದ್ದುದರಿಂದ, 16ನೆಯ ಶತಮಾನದ ಚಿತ್ರಕಾರರು ಮರದ ಹಲಗೆಯನ್ನು ಬಿಟ್ಟು ಕ್ಯಾನ್ವಾಸನ್ನು ಹಿಡಿದರು. ಉಬ್ಬುತಗ್ಗಿನ ಆ ನೇಯ್ಗೆಯೇ ಅವರ ಕುಂಚಕ್ಕೆ ಹರಿದ ಬಣ್ಣದ ಸೊಗಸನ್ನು ಕಲಿಸಿತೆನ್ನಬೇಕು.

ಇವರಲ್ಲಿ ಅಗ್ರಗಣ್ಯನಾದವನು ಟಿಶಿಯನ್. 1576ರಲ್ಲಿ ವೆನಿಸನ್ನು ಪ್ಲೇಗು ಆವರಿಸಿದ್ದಾಗ ತೀರಿಕೊಂಡ ಈ ವೃದ್ಧ ಆಚಾರ್ಯನ ಕೊನೆಯ ಎರಡು ದಶಕಗಳ ಕೃತಿಗಳಲ್ಲಿ ವಿರಳಲೇಪನವು ಅಲಂಕಾರದ ಪದವಿಯಿಂದ ಏರಿ ಚಿತ್ರದ ಭಾಷೆಯೇ ಆಗಿಬಿಟ್ಟಿತು. 1566ರಲ್ಲಿ ವೆನಿಸಿಗೆ ಬಂದು ಅವನನ್ನು ಕಂಡ, ಕಲಾವಿದರ ಚರಿತ್ರೆಗಳನ್ನು ಬರೆದ ವಸಾರಿಯು, ಆ ಚಿತ್ರಗಳು ಹತ್ತಿರದಿಂದ ಬರಿಯ ಕಲೆಗಳಂತೆ ತೋರಿದರೂ ದೂರದಿಂದ ಪರಿಪೂರ್ಣವಾಗಿ ಕಾಣುವುದನ್ನು ಗುರುತಿಸಿ, ಸುಲಭವೆಂದು ಬಗೆದು ಅದನ್ನು ಅನುಕರಿಸಹೊರಟವರು ಕೆಟ್ಟರೆಂದೂ ಎಚ್ಚರಿಸಿದನು. ಟಿಶಿಯನ್ನನ ಬಳಿ ಇದ್ದ ಕಿರಿಯ ಪಾಲ್ಮ ಹೇಳಿದ ಸಂಗತಿಗಳನ್ನು ವೆನಿಸಿನ ಬರಹಗಾರ ಬೊಸ್ಕೀನಿಯು 1674ರಲ್ಲಿ ಅಚ್ಚು ಮಾಡಿಸಿದ್ದಾನೆ. ಅದರ ಪ್ರಕಾರ, ಗುರುವು ದಪ್ಪ ಬಣ್ಣದಿಂದ ಚಿತ್ರದ ಬುನಾದಿಯನ್ನು ಹಾಕಿ, ಪಟವನ್ನು ಗೋಡೆಗೆ ಮುಖಮಾಡಿ ಇಟ್ಟುಬಿಡುತ್ತಿದ್ದನು. ಕೆಲವೊಮ್ಮೆ ತಿಂಗಳುಗಟ್ಟಲೆ ಅದರ ಕಡೆಗೆ ನೋಡುತ್ತಿರಲಿಲ್ಲ. ಮತ್ತೆ ತಿರುಗಿಸಿದಾಗ ಕಡುಹಗೆಯನ್ನು ಪರೀಕ್ಷಿಸುವಂತೆ ಅದರ ದೋಷಗಳನ್ನು ಹುಡುಕುತ್ತಿದ್ದನು. ಕಟ್ಟಕಡೆಯ ಹಂತದಲ್ಲಿ ಕುಂಚಕ್ಕಿಂತ ಹೆಚ್ಚಾಗಿ ಬೆರಳುಗಳಿಂದಲೇ ಬಣ್ಣವನ್ನು ತೀಡಿ ಬೆಳಕನ್ನು ನೆರಳಿಗೆ ಒಯ್ಯುತ್ತಿದ್ದನು. ಗೋಡೆಗೆ ತಿರುಗಿಸಿದ ಆ ತಿಂಗಳುಗಳಲ್ಲಿ ಚಿತ್ರಕಾರನ ಕಣ್ಣು ಹಳೆಯ ಪರಿಚಯವನ್ನು ಮರೆಯುತ್ತಿದ್ದಿತು. ಅದರ ಜೊತೆಗೆ ಎಣ್ಣೆಯೂ ಒಣಗುತ್ತಿದ್ದಿತು. ಹಿಂದೆ ಹೇಳಿದ ಕಾಯುವಿಕೆಯ ಅತ್ಯುನ್ನತ ನಿದರ್ಶನ ಇದು.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ‘ಆಕ್ಟಿಯಾನನ ಮರಣ’ ಅವನ ಸಾವಿನ ಹೊತ್ತಿಗೆ ಚಿತ್ರಶಾಲೆಯಲ್ಲಿಯೇ ಉಳಿದಿದ್ದ ಪಟ. ಎಡಗಡೆ ಗುಲಾಬಿಗೆಂಪು ಉಡುಗೆಯ ಡಯಾನ ದೇವಿ ಬಿಲ್ಲನ್ನೆತ್ತಿ ಮುನ್ನುಗ್ಗುತ್ತಿದ್ದಾಳೆ. ಆ ಬಿಲ್ಲಿಗೆ ಹೆದೆಯೇ ಕಾಣದು. ದೂರದಲ್ಲಿ, ಅವಳ ಶಾಪದಿಂದ ಜಿಂಕೆಯ ತಲೆ ಮೂಡಿದ ಬೇಟೆಗಾರ ಆಕ್ಟಿಯಾನನನ್ನು ಅವನವೇ ನಾಯಿಗಳು ಮುತ್ತಿ ಹರಿಯುತ್ತಿವೆ. ಕಾಡಿನ ಎಲೆಗಳನ್ನು ಒಂದೊಂದಾಗಿ ಬರೆದಿಲ್ಲ. ಕಂದುನೆಲದ ಮೇಲೆ ಹಳದಿ ಮಣ್ಣಿನ ಬಣ್ಣವನ್ನು ಒಣಕುಂಚದಿಂದ ಎಳೆದಾಗ ಒರಟು ನೇಯ್ಗೆ ಎಷ್ಟನ್ನು ಹಿಡಿಯಿತೋ ಅಷ್ಟೇ ಎಲೆ. ಆಕ್ಟಿಯಾನನ ಮೈಯೂ ಅದೇ ಕಂದಿನಿಂದ ಅರೆಬರೆಯಾಗಿ ಏಳುತ್ತದೆ, ಅರೆಬರೆಯಾಗಿ ಅದರಲ್ಲೇ ಮುಳುಗುತ್ತದೆ. ಮನುಷ್ಯನು ಮೃಗವಾಗುವ ಕ್ಷಣವನ್ನು ತೋರಿಸಲು ಆಕಾರವನ್ನು ಹೀಗೆ ನಡುವೆಯೇ ಬಿಟ್ಟ ಲೇಪಕ್ಕಿಂತ ತಕ್ಕದಾದ ಉಪಕರಣವಿಲ್ಲ. ಈ ಪಟ ಪೂರ್ತಿಯಾದುದೋ ಅಲ್ಲವೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಹೆದೆಯೊಂದನ್ನು ಬಿಟ್ಟರೆ ಇದರಲ್ಲಿ ಯಾವುದೂ ಕಡಿಮೆಯಾಗಿದೆಯೆಂದು ಈ ಲೇಖಕನಿಗೆ ತೋರುವುದಿಲ್ಲ.

ಮುಂದೆ ಫ್ಲಾಂಡರ್ಸಿನ ರೂಬೆನ್ಸನು (1577–1640) ಬಿಳಿಯ ನೆಲದ ಮೇಲೆ ಕಂದುಬೂದಿನ ಪಟ್ಟೆಪಟ್ಟೆಯಾದ ಮೊದಲ ಲೇಪವನ್ನು ಎಳೆದು, ಮೈಬಣ್ಣದ ಸಂಧಿಸ್ಥಾನಗಳಲ್ಲಿ ಅದು ತೆಳುವಾದ ಬಣ್ಣದಡಿಯಿಂದ ತೋರುವಂತೆ ಮಾಡಿ, ಮುತ್ತಿನಂಥ ಛಾಯೆಗಳನ್ನು ಸಾಧಿಸಿದನು. ಫ್ರಾನ್ಸಿನಲ್ಲಿ ಷಾರ್ದಾನನು (1699–1779) ತಾಮ್ರದ ಪಾತ್ರೆ, ಹಣ್ಣು, ಗಾಜಿನ ಲೋಟ ಮುಂತಾದ ಮನೆಯ ಸಾಮಾನ್ಯ ವಸ್ತುಗಳ ಮೇಲೆ ಬಣ್ಣದ ಹರಕು ಪದರಗಳನ್ನು ಕೂಡಿಸಿಕೊಂಡು ಹೋದ ರೀತಿಯನ್ನು ಕಂಡು, ವಿಮರ್ಶಕ ದಿದೆರೊ 1763ರ ಪ್ರದರ್ಶನದ ಬಗ್ಗೆ ಬರೆಯುತ್ತ, ಆ ಪಟಗಳ ಮೇಲೆ ಯಾರೋ ಹಬೆಯನ್ನು ಊದಿದಂತಿದೆಯೆಂಬ ಭಾವವನ್ನು ವ್ಯಕ್ತಪಡಿಸಿದನು. ವೆನಿಸಿನ ಗುಟ್ಟನ್ನು ಹಿಡಿಯಬೇಕೆಂಬ ಹಂಬಲದಿಂದ ರೆನಲ್ಡ್ಸನು ಇಂಗ್ಲೆಂಡಿನಲ್ಲಿ ನಾನಾ ಎಣ್ಣೆ, ಮೇಣ, ರಾಳಗಳನ್ನು ಪ್ರಯೋಗಿಸಿದನಾದರೂ, ಅವನ ಎಷ್ಟೋ ಪಟಗಳು ಅವನ ಜೀವಿತಕಾಲದಲ್ಲಿಯೇ ಬಿರಿದು ಬಿಳಿಚಿದವು.

ಇಂಗ್ಲೆಂಡಿನಲ್ಲಿ ಇದನ್ನು ತನ್ನದಾಗಿ ಮಾಡಿಕೊಂಡವನು ಟರ್ನರ್ (1775–1851). ಹಳೆಯವರು ಗಾಢನೆಲದಿಂದ ಬೆಳಕಿಗೆ ಏರಿದರೆ, ಇವನು ಬಿಳಿಯ ನೆಲದ ಮೇಲೆ ಜಲವರ್ಣದಂಥ ತೆಳುವಾದ ಬಣ್ಣಗಳನ್ನು ಹರಿಯಿಸಿ, ಅವುಗಳ ಮೇಲೆ ಬಿಳಿ ಮತ್ತು ಹಳದಿಯನ್ನು ಒಣಗಿದ ಕುಂಚದಿಂದ ಎಳೆದು, ಮಂಜು, ಮಳೆ, ಉಗಿಗಳನ್ನು ಆ ಹರಕುಲೇಪದಿಂದಲೇ ಸೃಷ್ಟಿಸಿದನು. 1844ರಲ್ಲಿ ಪ್ರದರ್ಶಿತವಾದ ‘ಮಳೆ, ಉಗಿ ಮತ್ತು ವೇಗ’ದಲ್ಲಿ ಸೇತುವೆಯ ಮೇಲೆ ಬರುವ ರೈಲಿನ ಎಂಜಿನ್ನಿನ ಕಪ್ಪು ಮುಖವೊಂದೇ ಗಟ್ಟಿಯಾದ ವಸ್ತು, ಮಿಕ್ಕುದೆಲ್ಲ ಮುಸುಕಿನ ಮೇಲಣ ಮುಸುಕು. 1845ರ ಸುಮಾರಿಗೆ ಬರೆದ ‘ನಾರಮ್ ಕೋಟೆ, ಸೂರ್ಯೋದಯ’ದಲ್ಲಿ ಆ ಗಟ್ಟಿತನವೂ ಕರಗಿ, ನೀಲಿಯ ನೆರಳಾಗಿ ಕೋಟೆಯೂ ಕಂದಿನ ಛಾಯೆಯಾಗಿ ನೀರಿನಲ್ಲಿ ನಿಂತ ಹಸುವೂ ಉಳಿದಿವೆ. ಫ್ರಾನ್ಸಿನ ಮೊನೆಯು 1892–93ರಲ್ಲಿ ರೂಆನ್ ನಗರದ ದೇವಾಲಯದ ಎದುರು ಕುಳಿತು ತೊಡಗಿದ ಮೂವತ್ತಕ್ಕೂ ಹೆಚ್ಚು ಪಟಗಳಲ್ಲಿ ಕೆಳಗಿನ ಬಣ್ಣವೇ ಗಾರೆಯಂತೆ ಹೆಪ್ಪುಗಟ್ಟಿದೆ. ಅದರ ದಿಣ್ಣೆಗಳ ಮೇಲೆ ಒಣಬಣ್ಣವನ್ನು ಸವರಿದಾಗ ಕಲ್ಲಿನ ಮೇಲೆ ಬಿಸಿಲು ಸವರಿದ ಹಾಗೆಯೇ ಆಗುತ್ತದೆ. ಪ್ಯಾಸ್ಟೆಲ್ ಕಡ್ಡಿಯ ಚಿತ್ರದಲ್ಲಂತೂ, ಕಾಗದದ ಒರಟು ಮೈ ಪುಡಿಬಣ್ಣವನ್ನು ಹರಕಾಗಿ ಮಾತ್ರ ಹಿಡಿಯಬಲ್ಲುದಾದುದರಿಂದ, ಪ್ರತಿಯೊಂದು ಎಳೆತವೂ ವಿರಳಲೇಪನವೇ; ಡೆಗಾ (1834–1917) ಒಂದು ಪದರವನ್ನು ಅಂಟುದ್ರವದಿಂದ ನಿಲ್ಲಿಸಿ ಅದರ ಮೇಲೆ ಇನ್ನೊಂದನ್ನು ಗೀಚುತ್ತ ಇದನ್ನು ಪರಾಕಾಷ್ಠೆಗೆ ಒಯ್ದನು.

ಭಾರತದ ಪ್ರಾಚೀನ ಚಿತ್ರಶಾಸ್ತ್ರಕ್ಕೆ ಎಣ್ಣೆಬಣ್ಣದ ಈ ಕ್ರಮ ಅನ್ಯವಾದುದಾದರೂ, ಬಣ್ಣವನ್ನು ಒಡೆದು ಮೃದುಗೊಳಿಸುವ ಆಲೋಚನೆ ಅನ್ಯವಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಛಾಯೆಯನ್ನು ತರುವ ವರ್ತನೆಯನ್ನು ಪತ್ರಜ, ಐರಿಕ, ಬಿಂದುಜ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ಬಿಂದುಜವು ಹೆಸರೇ ಹೇಳುವಂತೆ ಚುಕ್ಕೆಗಳನ್ನು ಕೂಡಿಸಿ ನೆರಳನ್ನು ತರುವುದು. ಕಳೆದ ಶತಮಾನದ ಆರಂಭದಲ್ಲಿ ಕಲ್ಕತ್ತೆಗೆ ಬಂದ ಜಪಾನಿನ ತೈಕಾನ್ ಮತ್ತು ಷುನ್‌ಸೋ ಅವರ ಕೆಲಸವನ್ನು ಕಂಡ ಅವನೀಂದ್ರನಾಥ ಠಾಕೂರರು, ಬರೆದ ಚಿತ್ರವನ್ನು ಮತ್ತೆ ಮತ್ತೆ ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಬಣ್ಣವಿಡುವ ವಾಷ್ ಪದ್ಧತಿಯನ್ನು ರೂಢಿಸಿದರು. ಅಲ್ಲಿ ಉಜ್ಜುವ ಕುಂಚದ ಬದಲು ತೊಳೆಯುವ ನೀರು. ಗುರಿ ಮಾತ್ರ ಅದೇ ವರ್ಣಶಮನ. ಮೈಸೂರಿನ ಚಿತ್ರಗಾರ ಮನೆತನದಿಂದ ಹೋಗಿ ಅವರ ಶಿಷ್ಯರಾದ ಕೆ. ವೆಂಕಟಪ್ಪನವರ (1886–1965) ಊಟಿಯ ಜಲವರ್ಣ ದೃಶ್ಯಗಳಲ್ಲಿ ಬೆಟ್ಟಗಳು ಹಿಂದೆ ಹಿಂದೆ ಸರಿಯುತ್ತ ತಿಳಿಯಾಗುವ ಬಗೆಯನ್ನು ಬೆಂಗಳೂರಿನಲ್ಲಿ ಅವರ ಹೆಸರಿನ ಕಲಾ ಗ್ಯಾಲರಿಯಲ್ಲಿ ನಿಂತು ನೋಡಿದವರಿಗೆ, ಎಣ್ಣೆಯಿಲ್ಲದೆಯೂ ಈ ಮಾರ್ದವ ಎಷ್ಟು ದೂರ ಹೋಗಬಲ್ಲುದೆಂಬುದು ಮನದಟ್ಟಾಗುತ್ತದೆ.

ವಿರಳಲೇಪನವು ಚಿತ್ರದ ಮೇಲ್ಪದರವಾಗಿಯೂ ಅತಿ ತೆಳುವಾಗಿಯೂ ಇರುವುದರಿಂದ ಕಾಲದ ಪೆಟ್ಟಿಗೆ ಮೊದಲು ಸಿಕ್ಕುವುದೂ ಅದೇ. ಹಳದಿಗಟ್ಟಿದ ವಾರ್ನಿಷನ್ನು ತೆಗೆಯಹೊರಟವನ ಹತ್ತಿಯ ಉಂಡೆ ತುಸು ಹೆಚ್ಚು ಹೊತ್ತು ನಿಂತರೆ, ಕಲಾವಿದನು ಕೊನೆಯ ದಿನ ಹಚ್ಚಿದ ಮುಸುಕೂ ಅದರೊಡನೆ ಹೋಗುತ್ತದೆ. ಹೋದುದನ್ನು ಮರಳಿ ತರುವ ಉಪಾಯವಿಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿ ತನ್ನ ಪಟಗಳನ್ನು ಶುಚಿಗೊಳಿಸಿದ ರೀತಿಯ ಬಗೆಗೆ 1846ರಿಂದ ಎದ್ದ ಕೋಲಾಹಲ 1853ರಲ್ಲಿ ಪಾರ್ಲಿಮೆಂಟಿನ ವಿಚಾರಣಾ ಸಮಿತಿಯವರೆಗೆ ಹೋಯಿತು. 1947ರಲ್ಲಿ ಅದೇ ಸಂಸ್ಥೆ ಶುಚಿಗೊಳಿಸಿದ ಪಟಗಳ ಪ್ರದರ್ಶನವನ್ನು ಏರ್ಪಡಿಸಿದಾಗ ಅದೇ ವಾದ ಮತ್ತೆ ಹೊತ್ತಿತು. ಕೊಳೆ ಯಾವುದು, ಮುಸುಕು ಯಾವುದು ಎಂಬುದನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಅಷ್ಟು ಕಷ್ಟ.

ಯಾರ ಕೈಯೂ ಸೋಕದೆ ನಡೆಯುವ ಬದಲಾವಣೆ ಇನ್ನೊಂದುಂಟು. ವರ್ಷಗಳು ಕಳೆದಂತೆ ಅಗಸೆ ಎಣ್ಣೆಯ ವಕ್ರೀಭವನಾಂಕ ಮೆಲ್ಲಮೆಲ್ಲಗೆ ಏರುತ್ತದೆ, ಸೀಸದ ಬಿಳಿಯೂ ಎಣ್ಣೆಯೂ ಕೂಡಿ ಸೀಸದ ಸಾಬೂನಾಗಿ ಮಾರ್ಪಡುತ್ತವೆ, ಹೀಗಾಗಿ ಒಂದು ಕಾಲದಲ್ಲಿ ಮುಚ್ಚುತ್ತಿದ್ದ ಪದರ ಗಾಜಿನಂತೆ ತಿಳಿಯಾಗತೊಡಗುತ್ತದೆ. ಗಾಢನೆಲದ ಮೇಲೆ ತೆಳುವಾಗಿ ಹಚ್ಚಿದ ಬೆಳಕು ಕ್ರಮೇಣ ನೆಲದೊಳಕ್ಕೆ ಇಳಿದು, ಚಿತ್ರ ಕಪ್ಪಾಗುತ್ತ ಹೋಗುತ್ತದೆ. ಹಾಲೆಂಡಿನ ಪೀಟರ್ ಡ ಹೋಖನು 1658ರ ಸುಮಾರಿಗೆ ಬರೆದ ಒಳಾಂಗಣದ ಚಿತ್ರವೊಂದು ಅದೇ ಲಂಡನ್ ಗ್ಯಾಲರಿಯಲ್ಲಿದೆ. ಅದರಲ್ಲಿ ಕಪ್ಪುಬಿಳಿಯ ಹಾಸುಗಲ್ಲುಗಳ ನೆಲವನ್ನು ಮೊದಲು ಪೂರ್ತಿಯಾಗಿ ಬರೆದು, ಕೆಂಡವನ್ನು ಹೊತ್ತು ಬರುವ ಕೆಲಸದ ಹುಡುಗಿಯನ್ನು ಆಮೇಲೆ ಅದರ ಮೇಲೆ ಮೂಡಿಸಿದ್ದಾನೆ. ಇಂದು ಆ ಚಿತ್ರದ ಮುಂದೆ ನಿಂತರೆ ಅವಳ ಲಂಗದ ಬಟ್ಟೆಯನ್ನು ತೂರಿ ಬರುವ ಹಾಸುಗಲ್ಲಿನ ಚೌಕಗಳನ್ನು ಎಣಿಸಬಹುದು.